ಹೆಸರು ಹಿಡಿದು ಕರೆಯದ ಮೇಡಂ

ಮೊನ್ನೆ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿನಿಂದ ಫೋನ್ ಬಂದಿತ್ತು. ಅವರ ಬಿಲ್ಲಿನ ಪ್ರೋಗ್ರಾಂ ಬರೆದುಕೊಟ್ಟವಳು ನಾನು. ಅದು ಮೊಂಡಾಟ ಮಾಡಿದಾಗಲೆಲ್ಲ ಹೋಗಿ ಸಮಾಧಾನ ಮಾಡಿ ಬರಬೇಕಾದವಳೂ ನಾನೇ. ಆಫೀಸಿನಲ್ಲಿ ಯಾರೋ ಕೀಬೋರ್ಡಿನ ಮೇಲೆ ಒಂದು ಖಣದ ಬಟ್ಟೆ ಹೊದಿಸಿದ್ದರು. ಕುಪ್ಪಸಕ್ಕೆ ಬಳಸುವ ಹಸಿರು ಖಣ, ಕೆಂಪು ಅಂಚು, ನಾಲ್ಕೂ ಬದಿಗೆ ಕೈಹೊಲಿಗೆ. ಎತ್ತಿದೆ. ಧೂಳು ಮತ್ತು ಬಿಸಿಯಾದ ಪ್ಲಾಸ್ಟಿಕ್, ಎರಡೂ ಕೂಡಿದ ವಾಸನೆ ಮೂಗಿಗೆ ಬಂತು. ಅಂಥ ಬಟ್ಟೆ, ಅಂಥ ವಾಸನೆ ನನಗೆ ಗೊತ್ತಿರುವುದು ಒಂದೇ ಕಡೆಯದು...

ನಮ್ಮ ಮೇಡಂ ನೆನಪಾದರು. ನೆನಪಾದರು ಎಂದರೆ ಕರುಳು ಕಿತ್ತು ಬಂತು ಎಂದೇನಲ್ಲ. ಅವರ ವಿಷಯದಲ್ಲಿ ನನ್ನ ಎದೆ ಎಂದೋ ಜೋಮು ಹಿಡಿದು ಕುಳಿತಿದೆ. ಕಾಲು ಜೋಮು ಹಿಡಿದಾಗ ಅದು ನಮ್ಮದೇ ಕಾಲು ಎಂದು ಗೊತ್ತಿರುತ್ತದೆಯಲ್ಲ, ಅಷ್ಟೇ. ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು ಕೆಲಸ ಮುಗಿಸಿದೆ. ಆಫೀಸಿನವರು ಚಹಾ ತರಿಸಿದರು, ಕುಡಿದೆ. ಮನೆಗೆ ಬಂದ ಮೇಲೂ ಮೇಡಂ ಹೋಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಕಂಪ್ಯೂಟರ್ ಕ್ಲಾಸು ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ ಪೇಟೆಯಲ್ಲಿ, ಡ್ರಿಪ್ ಪೈಪಿನ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಕೆಳಗಿನ ಅಂಗಡಿ ಅವರ ಯಜಮಾನರದು. ದಾಳಿಂಬೆ ಹಚ್ಚುವ ರೈತರು ಬಂದು ಕರಿ ಪೈಪಿನ ಸುರುಳಿಗಳನ್ನು ಹೊತ್ತೊಯ್ಯುತ್ತಿದ್ದರು. ಹಣದ ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಮೇಡಂ ಅವರ ಮಾವ ಕುಳಿತಿರುತ್ತಿದ್ದರು. ನಮಗೆಲ್ಲ ಅವರು ಅಜ್ಜ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮರಾಠಿ ಪೇಪರು, ಬಾಯಲ್ಲಿ ಕನ್ನಡ. ಹೊಸ ಪೈಪಿನ ವಾಸನೆ ಮೆಟ್ಟಿಲು ಹತ್ತಿ ಕ್ಲಾಸಿಗೂ ಬರುತ್ತಿತ್ತು. ನಮ್ಮೂರ ಧೂಳು ಕಂಪ್ಯೂಟರಿಗೆ ಹೇಳಿ ಮಾಡಿಸಿದ ವೈರಿ. ಹೀಗಾಗಿ ಮೇಡಂ ತಮ್ಮ ಹಳೆಯ ಖಣಗಳನ್ನೆಲ್ಲ ಕತ್ತರಿಸಿ ಒಂದೊಂದು ಕೀಬೋರ್ಡಿಗೂ ಒಂದೊಂದು ಹೊದಿಕೆ ಹೊಲಿದಿದ್ದರು. ಕ್ಲಾಸಿಗೆ ಹೋದರೆ ಕಂಪ್ಯೂಟರುಗಳು ಉಡಿ ತುಂಬಿಸಿಕೊಳ್ಳಲು ಸಾಲಾಗಿ ಕುಳಿತ ಹಾಗೆ ಕಾಣುತ್ತಿದ್ದವು.

ನಾನು ಅಸಂಗಿಯವಳು. ಕನ್ನಡ ಸಾಲಿಯಲ್ಲಿ ಕಲಿತು ಜತ್ತಿಗೆ ಕಾಲೇಜಿಗೆ ಬಂದವಳು. ಕಾಲೇಜಿನಲ್ಲಿ ಪುಸ್ತಕ ಇಂಗ್ಲಿಷಿನದು, ಪಾಠ ಮರಾಠಿಯದು. ಮರಾಠಿ ನನಗೆ ಬರುತ್ತಿತ್ತು, ಸಂತೆಗೆ ಬೇಕಾದಷ್ಟು. ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಸಾಲುವಷ್ಟಲ್ಲ. ಕನ್ನಡದಲ್ಲಿ ಜಾವಾ ಹೇಳಿಕೊಡುವ ಒಬ್ಬರಿದ್ದಾರೆ ಎಂದು ಯಾರೋ ಹೇಳಿದ್ದಕ್ಕೆ ಆ ಮೆಟ್ಟಿಲು ಹತ್ತಿದ್ದು. ಮೇಡಂಗೆ ಆಗ ಮೂವತ್ತರ ಆಸುಪಾಸು. ತಲೆಯ ಮೇಲೆ ಸೆರಗು, ಕಿವಿಯ ಹಿಂದೆ ಸಿಕ್ಕಿಸಿದ ಮಾರ್ಕರ್ ಪೆನ್ನು. ಬಂದವರಿಗೆಲ್ಲ ಮೊದಲು "ಬರ್ರಿ, ಕುಂದ್ರಿ" ಎನ್ನುತ್ತಿದ್ದರು, ಹದಿನೆಂಟರ ಹುಡುಗರಿಗೂ. ಒಮ್ಮೆ ಪರಿಚಯವಾದ ಮೇಲೆ "ಏ ನೀ" ಶುರು.

ಅವರು ನನ್ನನ್ನು ಒಂದು ದಿನವೂ ಹೆಸರಿನಿಂದ ಕರೆಯಲಿಲ್ಲ. ನನ್ನ ಹೆಸರು ದಾನಮ್ಮ. ನಮ್ಮ ಕಡೆ ಹೆಣ್ಣು ಹುಟ್ಟಿದರೆ ಹೆಸರಿಗಾಗಿ ತಲೆ ಕೆಡಿಸಿಕೊಳ್ಳುವವರು ಕಡಿಮೆ. ಗುಡ್ಡಾಪುರದಲ್ಲಿ ದಾನಮ್ಮದೇವಿ ಕುಳಿತಿದ್ದಾಳೆ, ಅವಳ ಹೆಸರಿಟ್ಟರೆ ಮುಗಿಯಿತು. ಆ ಸಣ್ಣ ಕ್ಲಾಸಿನಲ್ಲೇ ನಾವು ಮೂವರು ದಾನಮ್ಮಂದಿರು. ಮೇಡಂ ನನ್ನನ್ನು "ಅಸಂಗಿ" ಎನ್ನುತ್ತಿದ್ದರು, ಇನ್ನೊಬ್ಬಳನ್ನು "ದರಿಬಡಚಿ", ಮೂರನೆಯವಳನ್ನು "ಕನ್ನಡಕ". ಮೂವರೂ ಒಂದೇ ಹೆಸರಿನವರಾದ್ದರಿಂದ ಹಾಗೆ ಕರೆಯುತ್ತಾರೆ ಎಂದುಕೊಂಡಿದ್ದೆ. ನಿಜ ಬೇರೆ ಇತ್ತು. ಅವರ ಅತ್ತೆಯ ಹೆಸರೂ ದಾನಮ್ಮ. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಆದರೆ ಸೊಸೆಯಾದವಳು ಅತ್ತೆಮಾವಂದಿರ ಹೆಸರು ಹಿಡಿಯುವುದಿಲ್ಲ. ಅದು ನಮ್ಮ ಕಡೆಯ ರೂಢಿ, ಅವರು ಇದ್ದರೂ ಅಷ್ಟೇ, ಹೋದರೂ ಅಷ್ಟೇ. ಅದೇ ಹೆಸರು ಬೇರೆ ಯಾರಿಗಿದ್ದರೂ ಬಾಯಿಂದ ಆಡುವಂತಿಲ್ಲ. ದೇವಿಯನ್ನೂ ಮೇಡಂ "ಗುಡ್ಡಾಪುರದಾಕಿ" ಎನ್ನುತ್ತಿದ್ದರು. ನಾವು ಬೇಕೆಂದೇ ಕೆಣಕುತ್ತಿದ್ದೆವು.

"ಮೇಡಂ, ಗುಡ್ಡಾಪುರದಾಗ ಯಾವ ದೇವಿ ಗುಡಿ ಐತ್ರಿ?"

"ಅಸಂಗಿಯಾಕಿ ಹೆಸರಿನಾಕಿದು. ಸುಮ್ನ ಪ್ರೋಗ್ರಾಂ ಬರೀರಿ."

ಕೈಗೆ ಈ ಕಟ್ಟು ಇರಲಿಲ್ಲ. ಬೋರ್ಡಿನ ಮೇಲೆ ದಾನಮ್ಮ ಎಂದು ಸರಾಗವಾಗಿ ಬರೆಯುತ್ತಿದ್ದರು, ಟೈಪೂ ಮಾಡುತ್ತಿದ್ದರು. ನಾಲಿಗೆಗೆ ಮಾತ್ರ ತಡೆ.

ನಾನು ಅವರ ಬಳಿ ಮಾಡಿದ ಮೊದಲ ದೊಡ್ಡ ತಪ್ಪೂ ಹೆಸರಿನದೇ. 'ವಿದ್ಯಾರ್ಥಿ' ಎಂಬ ಕ್ಲಾಸ್ ಬರೆಯಲು ಹೇಳಿದ್ದರು. ಜಾವಾದಲ್ಲಿ ಕ್ಲಾಸ್ ಎಂದರೆ ಅಚ್ಚು, ಅದರಿಂದ ಹುಟ್ಟುವ ಒಂದೊಂದೂ ಒಂದು ಆಬ್ಜೆಕ್ಟ್. ಹುಟ್ಟುವಾಗಲೇ ಅದಕ್ಕೊಂದು ಹೆಸರು ಕೊಡಬೇಕು. ಹೊರಗಿನಿಂದ ಬರುವ ಹೆಸರಿಗೂ ನಾನು 'ನೇಮ್' ಎಂದಿಟ್ಟಿದ್ದೆ, ಒಳಗೆ ಅದನ್ನು ಇಟ್ಟುಕೊಳ್ಳುವ ಜಾಗಕ್ಕೂ 'ನೇಮ್' ಎಂದಿಟ್ಟಿದ್ದೆ. ನೇಮ್ ಈಕ್ವಲ್ಸ್ ನೇಮ್ ಎಂದು ಬರೆದು ಓಡಿಸಿದೆ. ಕಂಪ್ಯೂಟರ್ ತಪ್ಪೆನ್ನಲಿಲ್ಲ. ಪರದೆಯ ಮೇಲೆ ಹೆಸರಿರಬೇಕಾದಲ್ಲಿ 'ನಲ್' ಎಂದು ಬಂತು. ಅಂದರೆ ಏನೂ ಇಲ್ಲ. ಮತ್ತೆ ಮತ್ತೆ ಓಡಿಸಿದೆ, ಅದೇ.

ಮೇಡಂ ಬಂದು ನನ್ನ ಹಿಂದೆ ನಿಂತು ನೋಡಿದರು. "ನೀ ಹೆಸರ ಕೊಟ್ಟಿ, ಖರೆ. ಯಾರಿಗೆ ಕೊಟ್ಟಿ? ಬಂದ ಹೆಸರನ್ನ ಬಂದ ಹೆಸರಿಗೇ ಹೊಳ್ಳಿ ಕೊಟ್ಟಿ. ಆ ಕೂಸಿಗೆ ಏನೂ ಮುಟ್ಟಿಲ್ಲ ನೋಡು. ಬಾಯಿ ತಕ್ಕೊಂಡ ಹಂಗ ಕುಂತೈತಿ."

"ಮತ್ತ ಹ್ಯಾಂಗ ಕೊಡಬೇಕ್ರಿ?"

ಅವರು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿದರು. ಎದೆಯ ಮೇಲೆ ಕೈ ಇಟ್ಟುಕೊಳ್ಳಿರಿ ಎಂದರು. ಇಟ್ಟುಕೊಂಡೆವು. "ಊರು?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಅಸಂಗಿ ಎಂದೆ. ದರಿಬಡಚಿ ಎಂದಳು ಪಕ್ಕದವಳು. ಹೀಗೇ ಗೋಡೆಯ ತನಕ.

"ಪ್ರಶ್ನೆ ಒಂದ. ಉತ್ತರ ಎಲ್ಲಾರದೂ ಬ್ಯಾರೆ. ಕ್ಲಾಸ್ ಬರೆಯೂ ಹೊತ್ತಿನ್ಯಾಗ ಮುಂದ ಯಾರ ಹುಟ್ಟತಾರ ಅಂತ ನಮಗ ಗೊತ್ತಿಲ್ಲ. ಹಿಂಗಾಗಿ ಹೆಸರ ಹಿಡದ ಬರ್ಯಾಕ ಆಗಂಗಿಲ್ಲ. ಯಾರ ಹುಟ್ಟಿದ್ರೂ ಅವರು ಎದಿ ಮ್ಯಾಲ ಕೈ ಇಟ್ಟಕೊಂಡು 'ಇದು ನಂದು' ಅನ್ನಬೇಕು. ಆ ಕೈನ ಜಾವಾದಾಗಿನ ದಿಸ್. ದಿಸ್ ಡಾಟ್ ನೇಮ್ ಅಂದ್ರ, ಈ ಎದಿಯೊಳಗಿನ ಹೆಸರು. ತಿಳೀತ?"

ದಿಸ್ ಡಾಟ್ ನೇಮ್ ಎಂದು ತಿದ್ದಿ ಓಡಿಸಿದೆ. 'ದಾನಮ್ಮ' ಎಂದು ಬಂತು. ಮೇಡಂ ಅದನ್ನು ಓದಲಿಲ್ಲ, ಪರದೆಯ ಕಡೆ ಬೆರಳು ತೋರಿಸಿ "ಬಂದ್ಲು ನೋಡು" ಎಂದರು.

ಅವರಿಗೊಬ್ಬಳು ಮಗಳಿದ್ದಳು. ಆಗಿನ್ನೂ ಸಾಲಿಗೆ ಹೋಗದ ಪುಟ್ಟ ಹುಡುಗಿ. ಮೆಟ್ಟಿಲ ಮೇಲೆ ಸದಾ ಅವಳದೇ ಸದ್ದು. ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವುದು ರೂಢಿಯಾದ್ದರಿಂದ ಅವಳೂ ದಾನಮ್ಮ. ಈ ರೂಢಿ ಆ ರೂಢಿ ಎರಡೂ ಒಂದೇ ಮನೆಯಲ್ಲಿ ಕೂಡಿದರೆ ಏನಾಗುತ್ತದೆ? ಮಗುವಿಗೆ ಹೆಸರಿರುತ್ತದೆ, ಕರೆಯುವವರಿರುವುದಿಲ್ಲ. ಅಜ್ಜ ತನ್ನ ಹೆಂಡತಿಯ ಹೆಸರು ಹೇಗೆ ಹಿಡಿದಾರು? ಮೊಮ್ಮಗಳನ್ನು "ಏ ಮುದುಕಿ" ಎನ್ನುತ್ತಿದ್ದರು. ಅಪ್ಪನಿಗೆ ಅದು ಹೆತ್ತ ತಾಯಿಯ ಹೆಸರು, "ಯವ್ವಾ" ಎನ್ನುತ್ತಿದ್ದರು. ಮೇಡಂ "ಗುಬ್ಬವ್ವಾ" ಎನ್ನುತ್ತಿದ್ದರು. ವ್ವಾ ಎಂಬುದನ್ನು ಮೆಟ್ಟಿಲಿಳಿದು ಬೀದಿಗೆ ಮುಟ್ಟುವಷ್ಟು ಎಳೆಯುತ್ತಿದ್ದರು. ಹುಡುಗಿ ಎಲ್ಲಿದ್ದರೂ "ಓ..." ಎನ್ನುತ್ತಿದ್ದಳು. ಆ ಹೆಸರು ಅವರೊಬ್ಬರದೇ, ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ.

ಇದನ್ನೂ ಮೇಡಂ ಪಾಠಕ್ಕೆ ತಂದುಕೊಂಡರು. "ನಮ್ಮ ಮನಿಯಾಗ ಕೂಸು ಒಂದ, ಕರ್ಯಾವರು ಮೂರ ಮಂದಿ, ಮೂರ ಹೆಸರು. ಹೊರಗಿನವರು ಏನ ಅಂತ ಕರೀತಾರ ಅನ್ನೂದು ಆಬ್ಜೆಕ್ಟಿಗೆ ಗೊತ್ತಿರಂಗಿಲ್ಲ. ಅದಕ್ಕ ಗೊತ್ತಿರೂದು ದಿಸ್ ಒಂದ." ಹುಡುಗಿ ಆಗ ಬೋರ್ಡಿನ ಕೆಳಗೆ ಕುಳಿತು ಮಾರ್ಕರಿನ ಮುಚ್ಚಳ ಕಚ್ಚುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡಿ ನಕ್ಕಿದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಜೂನ್ ಬಂತು, ಹುಡುಗಿಯನ್ನು ಸಾಲಿಗೆ ಹಚ್ಚಿದರು. ಸ್ವಲ್ಪ ದಿನ ಕಳೆದ ಮೇಲೆ ಸಾಲಿಯ ಗುರುಗಳು ಅಂಗಡಿಗೆ ಬಂದರು. ನಾನು ಮೆಟ್ಟಿಲು ಹತ್ತುವವಳು ನಿಂತು ಕೇಳಿದೆ.

"ಅಜ್ಜಾರ, ನಿಮ್ಮ ಮೊಮ್ಮಗಳು ದಾನಮ್ಮ ಒಂದ ದಿನಾನೂ ಸಾಲಿಗೆ ಬಂದಿಲ್ಲಲ್ರಿ. ಆರಾಮ ಅದಾಳಿಲ್ಲ?"

ಅಜ್ಜ ಪೇಪರು ಕೆಳಗಿಟ್ಟರು. "ದಿನಾ ನಾನ ಕೈ ಹಿಡದ ಬಿಟ್ಟ ಬರ್ತೀನ್ರಿ!"

ಅಷ್ಟರಲ್ಲಿ ಹುಡುಗಿ ಪೈಪಿನ ಸುರುಳಿಯ ಹಿಂದಿನಿಂದ ಎದ್ದು ಬಂದಳು. ಗುರುಗಳು ಅವಳನ್ನು ನೋಡಿ ಬೆಪ್ಪಾದರು. "ಇಕಿ ಏನ್ರಿ? ಇಕಿ ದಿನಾ ಮುಂದಿನ ಸಾಲಿನ್ಯಾಗ ಕುಂದರತಾಳು!"

ಆಗಿದ್ದು ಇಷ್ಟೇ. ಹಾಜರಿ ಕರೆಯುವಾಗ ದಾನಮ್ಮ ಎಂದರೆ ಅವಳು ಸುಮ್ಮನೆ ಕುಳಿತಿರುತ್ತಿದ್ದಳು. ಯಾರನ್ನೋ ಕರೆಯುತ್ತಿದ್ದಾರೆ ಎಂದು ಅತ್ತಿತ್ತ ನೋಡುತ್ತಿದ್ದಳಂತೆ. ಅವಳ ಪಾಲಿಗೆ ದಾನಮ್ಮ ಎಂದರೆ ಗುಡ್ಡಾಪುರದ ದೇವಿ, ಇಲ್ಲವೇ ಮೇಲಿನ ಕ್ಲಾಸಿನ ಅಕ್ಕಂದಿರು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ನಕ್ಕಾದ ಮೇಲೆ ಪ್ರಶ್ನೆ ಬಂತು, ಈ ಮಗುವಿಗೆ ಅದರ ಹೆಸರು ಹೇಳಿಕೊಡುವವರು ಯಾರು? ಮನೆಯಲ್ಲಿ ಯಾರಿಗೂ ಬಾಯಿಲ್ಲ.

ಮೇಡಂ ನನ್ನನ್ನು ಕರೆದರು. "ಅಸಂಗಿ, ನೀನ ಇಕಿಗೆ ಕಲಿಸಬೇಕವಾ."

ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿದೆವು. "ನಿನ್ನ ಹೆಸರು ದಾನಮ್ಮ" ಎಂದೆ.

"ಅಲ್ಲ, ಅದು ನಿನ್ನ ಹೆಸರು."

"ನಂದೂ ಹೌದು, ನಿಂದೂ ಹೌದು." ಅವಳ ಕೈಯನ್ನು ಅವಳ ಎದೆಯ ಮೇಲಿಟ್ಟೆ. "ಇದು ದಾನಮ್ಮ. ಯಾರರೆ ದಾನಮ್ಮ ಅಂದ್ರ ಹಾಜರ್ ಅನ್ನು."

ಕ್ಲಾಸಿನವರೆಲ್ಲ ಸೇರಿ ಒಬ್ಬರಾದ ಮೇಲೊಬ್ಬರು ಕರೆದೆವು. ದಾನಮ್ಮ! ಹಾಜರ್! ದಾನಮ್ಮ! ಹಾಜರ್! ಸ್ಟೂಲಿನಿಂದ ಬೀಳುವಷ್ಟು ಹುಮ್ಮಸ್ಸು ಅವಳಿಗೆ. ಮುಖದಲ್ಲಿ ಹೊಸ ಬಳೆ ತೊಟ್ಟವಳ ಠೀವಿ. ಮೇಡಂ ಬೋರ್ಡಿಗೆ ಒರಗಿ ನಿಂತು ನಗುತ್ತಿದ್ದರು. ಹುಡುಗಿ ಅವರ ಕಡೆ ತಿರುಗಿದಳು.

"ಈಗ ನೀ ಕರಿ."

"ಗುಬ್ಬವ್ವಾ..."

"ಹಂಗಲ್ಲ. ಹೆಸರ ಹಿಡದ ಕರಿ."

ಮೇಡಂ ನನ್ನನ್ನು ನೋಡಿದರು, ಕಿಟಕಿಯನ್ನು ನೋಡಿದರು. ಕಿವಿಯ ಹಿಂದಿನ ಮಾರ್ಕರು ತೆಗೆದು ಬೋರ್ಡಿನ ಮೇಲೆ ದೊಡ್ಡದಾಗಿ ಅವಳ ಹೆಸರು ಬರೆದರು. "ನೋಡು, ಬರದೀನಿ. ಎಷ್ಟ ಚಲೋ ಐತಿ ನಿನ್ನ ಹೆಸರು!" ಹುಡುಗಿಗೆ ಓದಲು ಬರುತ್ತಿರಲಿಲ್ಲ. ಬರೆದದ್ದು ಅವಳಿಗೆ ಬೇಕೂ ಆಗಿರಲಿಲ್ಲ. ತಲೆಯಾಡಿಸಿ, ಸ್ಟೂಲಿನಿಂದ ಇಳಿದು, ಒಂದೇ ಮಾತು ಹೇಳಿದಳು.

"ಹೆಸರ ಹಿಡ್ಯೂ ತನಕ ನಾ ಓ ಅನ್ನಾಂಗಿಲ್ಲ."

ಮಕ್ಕಳ ಹಟ ಒಂದು ಊಟದ ತನಕ ಎಂದುಕೊಂಡೆವು. ಅವಳದು ಹಾಗಲ್ಲ. ಮೇಡಂ "ಗುಬ್ಬವ್ವಾ" ಎಂದರೆ ಬರುತ್ತಿದ್ದಳು, ಬಂದು ಎದುರು ನಿಲ್ಲುತ್ತಿದ್ದಳು, ಹೇಳಿದ ಕೆಲಸ ಮಾಡುತ್ತಿದ್ದಳು, ತೊಡೆಯ ಮೇಲೆ ಮಲಗುತ್ತಲೂ ಇದ್ದಳು. ಓ ಎನ್ನುತ್ತಿರಲಿಲ್ಲ. ಬೀದಿಯಿಂದ ಬರುತ್ತಿದ್ದ ಆ ಉದ್ದನೆಯ ಓ ನಿಂತೇಹೋಯಿತು. ಮೊದಮೊದಲು ಮೇಡಂಗೆ ತಮಾಷೆ ಎನಿಸಿತ್ತು. ಆಮೇಲಾಮೇಲೆ ಕರೆದ ಮೇಲೆ ಅರೆಗಳಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಪಾಠದ ನಡುವೆಯೂ.

ಒಮ್ಮೆ ಕ್ಲಾಸಿನ ಕಸ ಗುಡಿಸುವಾಗ ನಾನೇ ಕೇಳಿಬಿಟ್ಟೆ. "ಒಮ್ಮೆ ಅಂದ್ರ ಏನಾಗತೈತ್ರಿ ಮೇಡಂ? ಅಜ್ಜಾರು ಬೈತಾರೇನ್ರಿ?"

"ಯಾರೂ ಏನೂ ಅನ್ನಂಗಿಲ್ಲ. ಮಾವಾರ ಅಂದಾರ, ಕರಿಯವಾ ಒಮ್ಮೆ, ಕೂಸು ಖುಷಿ ಆಗತೈತಿ ಅಂತ." ಹೊದಿಕೆಯೊಂದನ್ನು ಕೊಡವುತ್ತ ನಿಂತರು. "ಮದುವಿಯಾಗಿ ಬಂದಾಗ ನಂದು ಹನ್ನೆರಡನೇ ಕ್ಲಾಸ ಅಷ್ಟ ಆಗಿತ್ತು. ಮುಂದ ಕಲಿಸಿದಾಕಿ ನಮ್ಮತ್ತಿ. ಸಾಂಗ್ಲಿಗೆ ಪರೀಕ್ಷಾಕ್ಕ ಹೋದ್ರ ಹೊರಗ ಗಿಡದ ಕೆಳಗ ಬುತ್ತಿ ಹಿಡಕೊಂಡ ಕುಂದರತಿದ್ಲು. ಈ ಕಂಪ್ಯೂಟರ್ ತರೂದಕ್ಕ ಮನಿಯಾಗ ಜಗಳಾ ಮಾಡಿದಾಕೀನೂ ಅಕಿನ. ಏನೂ ಆಗಂಗಿಲ್ಲ ಅಂತ ನನಗೂ ಗೊತ್ತೈತಿ ಅಸಂಗಿ. ನಾಲಿಗಿನ ಹೊಳ್ಳಂಗಿಲ್ಲ."

ನಾನು ಮತ್ತೆ ಕೇಳಲಿಲ್ಲ. ಗೌರವಕ್ಕೂ ಅಂಜಿಕೆಗೂ ನಡುವೆ ಇನ್ನೊಂದೇನೋ ಇರುತ್ತದೆ, ಅದಕ್ಕೆ ನನಗೆ ಹೆಸರು ಗೊತ್ತಿಲ್ಲ. ಅದು ಅವರ ಗಂಟಲಲ್ಲಿ ಕುಳಿತಿತ್ತು.

ದಾಳಿಂಬೆ ಇಳಿಯುವ ಹೊತ್ತಿಗೆ ಮೇಡಂಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. ಪಾಠ ಹೇಳುತ್ತಲೇ ಕುರ್ಚಿ ಹಿಡಿದು ಕೂರುತ್ತಿದ್ದರು. ಜತ್ತಿನ ಡಾಕ್ಟರು ಮಿರಜಿಗೆ ಕರೆದೊಯ್ಯಿರಿ ಎಂದರು. ನಮ್ಮ ಕಡೆ ಮಿರಜ್ ಎಂದರೆ ದವಾಖಾನೆ, ದವಾಖಾನೆ ಎಂದರೆ ಮಿರಜ್. ಅಲ್ಲಿಗೆ ಹೋದವರು ಬಹಳ ಮಂದಿ ಆರಾಮಾಗಿ ಬರುತ್ತಾರೆ, ಹೀಗಾಗಿ ಯಾರೂ ಅಷ್ಟು ಹೆದರಲಿಲ್ಲ. ಬೆಳಿಗ್ಗೆ ಅಂಗಡಿಯ ಮುಂದೆ ಜೀಪು ನಿಂತಿತ್ತು. ನಾನು ಕ್ಲಾಸಿನ ಕೀಲಿ ತೆಗೆದುಕೊಳ್ಳಲು ಹೋಗಿದ್ದೆ. ಮೇಡಂ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕುಳಿತಿದ್ದರು. ಹುಡುಗಿ ಸಾಲಿಯ ಅರಿವೆಯಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು.

"ಗುಬ್ಬವ್ವಾ, ಹೋಗಿ ಬರ್ತೀನವಾ."

ಹುಡುಗಿ ತುಟಿ ಬಿಗಿಹಿಡಿದಳು.

"ಗುಬ್ಬವ್ವಾ..."

ಜೀಪಿನ ಹತ್ತಿರ ಬಂದು ನಿಂತಳು. ಮೇಡಂ ಕೈ ಚಾಚಿ ಗಲ್ಲ ಹಿಡಿದರು. ಹಿಡಿಸಿಕೊಂಡಳು, ಸುಮ್ಮನೇ ಇದ್ದಳು. "ಮೊಂಡಿ" ಎಂದು ಮೇಡಂ ನಕ್ಕರು. ನಾನೂ ನಕ್ಕೆ. ಜೀಪು ಹೋಯಿತು.

ಮಿರಜಿಗೆ ನಾನು ಒಮ್ಮೆ ಹೋಗಿದ್ದೆ, ಅವರ ಯಜಮಾನರ ಜೊತೆ, ಊಟದ ಡಬ್ಬಿ ತೆಗೆದುಕೊಂಡು. ಮಕ್ಕಳನ್ನು ವಾರ್ಡಿನೊಳಗೆ ಬಿಡುವುದಿಲ್ಲ ಎಂದಿದ್ದರಿಂದ ಹುಡುಗಿಯನ್ನು ಕರೆತಂದಿರಲಿಲ್ಲ. ಮೇಡಂ ಮುಖ ಸೋತಿತ್ತು, ಕಣ್ಣು ಹಳದಿಯಾಗಿತ್ತು. ಕ್ಲಾಸಿನ ಬಗ್ಗೆ ಕೇಳಿದರು. ಹೊದಿಕೆ ಹಾಕುತ್ತೀರಿಲ್ಲೋ ಎಂದು ಕೇಳಿದರು. ಯಜಮಾನರು ಔಷಧಿ ತರಲು ಹೊರಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಅಸಂಗಿ, ಇಲ್ಲೆ ಮಕ್ಕೊಂಡಲ್ಲೇ ಕಲ್ಯಾಕತ್ತೀನಿ."

"ಏನ್ರಿ?"

"ಅಕಿ ಹೆಸರು. ಮನಿಗೆ ಹೋದಕೂಡಲೇ ಕರೀಬೇಕು. ಓ ಅನ್ನಿಸಬೇಕು ಅಕಿ ಬಾಯಾಗಿಂದ."

ಸೆರಗು ಸರಿಮಾಡಿಕೊಂಡರು. ಯಾರಾದರೂ ಕೇಳುತ್ತಿದ್ದಾರೆಯೇ ಎಂದು ಆಚೀಚೆ ನೋಡಿದರು. ಬಾಯಿ ತೆರೆದು "ದಾ..." ಎಂದರು. ಅಲ್ಲಿಗೆ ನಿಂತಿತು. ತುಟಿ ಅಲುಗಿತು, ಮುಂದಿನದು ಬರಲಿಲ್ಲ. ಹೊಸ ಸೊಸೆಯ ಹಾಗೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಕ್ಕುಬಿಟ್ಟರು.

"ಅರ್ಧಾ ಬಂತು ನೋಡು. ಮನಿಗೆ ಬರೂದ್ರಾಗ ಪೂರಾ ಬರತೈತಿ."

ಅವರು ಬರಲಿಲ್ಲ. ಅಂದರೆ, ತಂದರು.

ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ನಮ್ಮಲ್ಲಿ ಕೂರಿಸುವ ಹಾಗೆ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿ. ಹೆಂಗಸರು ಹುಡುಗಿಯನ್ನು ಮುಂದೆ ತಂದು ಕೂರಿಸಿದರು. ಅವಳು ಅಳಲಿಲ್ಲ. ತಾಯಿಯ ಬಾಯಿಯನ್ನೇ ನೋಡುತ್ತ ಕುಳಿತಿದ್ದಳು. ಯಾರೋ "ಅವ್ವನ್ನ ಕರಿಯವಾ ಒಮ್ಮೆ" ಎಂದು ಅತ್ತರು. ಅವಳು ಕರೆಯಲಿಲ್ಲ, ಅಲ್ಲಾಡಲಿಲ್ಲ. ಕರೆಯಬೇಕಾದವಳು ತಾನಲ್ಲ ಎಂಬ ಹಾಗೆ ಕುಳಿತಿದ್ದಳು. ನನಗೂ ಅಳು ಬರಲಿಲ್ಲ. ಬರಬಹುದೆಂದು ಕಾದೆ. ಸುತ್ತಲಿನವರೆಲ್ಲ ಅಳುತ್ತಿರುವಾಗ ನಾನೊಬ್ಬಳೇ ಒಣ ಕಣ್ಣಿನಲ್ಲಿ ನಿಂತದ್ದು ನನಗೇ ವಿಚಿತ್ರವೆನಿಸಿತು. ಕೊನೆಗೆ ಮೇಲೆ ಹೋಗಿ ಕ್ಲಾಸಿನ ಬೀಗ ತೆಗೆದು ಕುಳಿತೆ. ಬೋರ್ಡಿನ ಮೇಲೆ ಅವರು ಬರೆದ ಅರ್ಧ ಪ್ರೋಗ್ರಾಂ ಇತ್ತು. ಅದನ್ನು ಓದಿದೆ. ಒಂದು ಕಡೆ ಸೆಮಿಕೋಲನ್ ಬಿಟ್ಟುಹೋಗಿತ್ತು, ಹಾಕಿದೆ. ಅಂದಿನಿಂದ ಇಂದಿನ ತನಕ ಅವರಿಗಾಗಿ ನಾನು ಒಂದು ಹನಿ ಅತ್ತಿಲ್ಲ. ಪ್ರೀತಿ ಇರಲಿಲ್ಲ ಎಂದಲ್ಲ, ಬಹಳ ಇತ್ತು. ಎಲ್ಲಿ ಹೋಯಿತೋ ಗೊತ್ತಿಲ್ಲ...

ಹುಡುಗಿಯನ್ನು ಮೇಡಂ ಅವರ ತಂಗಿ, ಅವಳ ಮಾವಶಿ, ವಿಜಯಪುರಕ್ಕೆ ಕರೆದುಕೊಂಡು ಹೋದರು. ಕ್ಲಾಸು ಮುಚ್ಚಿತು. ಅಜ್ಜ ಮುಂದೆ ಎರಡು ಮೂರು ವರ್ಷ ಗಲ್ಲೆಯ ಪಕ್ಕ ಕುಳಿತು, ಅವರೂ ಹೋದರು. ಓದು ಮುಗಿದ ಮೇಲೆ ನಾನು ಇಲ್ಲೇ ಇನ್ನೊಂದು ಓಣಿಯಲ್ಲಿ ಕ್ಲಾಸು ತೆರೆದೆ. ಜಾವಾ ಕಲಿಸುತ್ತೇನೆ, ಕನ್ನಡದಲ್ಲಿ. ಈಗ ನನ್ನನ್ನೂ ಮೇಡಂ ಎನ್ನುತ್ತಾರೆ.

ಈ ವರ್ಷ ಕ್ಲಾಸು ಶುರುವಾದಾಗ ಪೈಪಿನ ಅಂಗಡಿಯ ಯಜಮಾನರು ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. ಎತ್ತರದ ಹುಡುಗಿ, ಎರಡು ಜಡೆ, ಕಡಿಮೆ ಮಾತು. ವಿಜಯಪುರದಲ್ಲಿ ಪಿಯುಸಿ ಮುಗಿಸಿ ಅಪ್ಪನ ಮನೆಗೆ ಮರಳಿದ್ದಳು. "ಇಕಿಗೆ ಕಲಸ್ರಿ" ಎಂದರು. ಅವಳು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ಹಾಜರಿಯಲ್ಲಿ ದಾನಮ್ಮ ಎಂದರೆ ತಟ್ಟನೆ ಕೈ ಎತ್ತುತ್ತಿದ್ದಳು.

ಕೋಲ್ಡ್ ಸ್ಟೋರೇಜಿಗೆ ಹೋಗಿಬಂದ ಮರುದಿನ ಪಾಠ 'ದಿಸ್'ಗೆ ಬಂದಿತ್ತು. ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಎಲ್ಲರನ್ನೂ ಎಬ್ಬಿಸಿ, ಎದೆಯ ಮೇಲೆ ಕೈ ಇಡಿಸಿ, ಊರು ಕೇಳುತ್ತ ಹೋದೆ. ಅವಳ ಸರದಿ ಬಂದಾಗ ಅವಳು ಸ್ವಲ್ಪ ತಡೆದಳು. ಜತ್ ಎಂದಳು.

ಕ್ಲಾಸು ಬಿಟ್ಟ ಮೇಲೆ ಎಲ್ಲರೂ ಇಳಿದು ಹೋದರು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಮೇಡಂ, ಅವತ್ತ ಜೀಪಿನ ಹತ್ತರ ನೀವೂ ಇದ್ರಲ್ಲ?"

"ಇದ್ದೆ."

"ನಾ ಓ ಅನ್ನಲಿಲ್ಲ."

"ಸಣ್ಣಾಕಿದ್ದಿ ನೀ."

ಸಮಾಧಾನದ ಮಾತು ಅವಳಿಗೆ ಬೇಕಿರಲಿಲ್ಲ, ನನಗೂ ಹೇಳಲು ಬರುತ್ತಿರಲಿಲ್ಲ. ಆದ್ದರಿಂದ ನಡೆದದ್ದನ್ನೇ ಹೇಳಿದೆ. ಮಿರಜಿನಲ್ಲಿ ಅವರು ಅವಳ ಹೆಸರು ಕಲಿಯುತ್ತಿದ್ದದ್ದು, ಅರ್ಧ ಬಂದದ್ದು, ಮುಖ ಮುಚ್ಚಿಕೊಂಡು ನಕ್ಕಿದ್ದು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಕೇಳಿದವರಿರಲಿಲ್ಲ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕಣ್ಣು ಒಣಗಿಯೇ ಇತ್ತು. ಇವಳೂ ನನ್ನ ಹಾಗೆಯೇ ಎಂದುಕೊಂಡೆ.

"ಮಾವಶಿ ಮನ್ಯಾಗ ಎಲ್ಲಾರೂ ದಾನಮ್ಮ ಅಂತಾರ್ರಿ," ಎಂದಳು. "ಕಾಲೇಜದಾಗೂ ಅದ. ಈಗ ಅಪ್ಪಾನೂ ಹಂಗ ಅಂತಾನ. ದಿನಾ ಎಷ್ಟ ಸರತಿ ಕರೀತಾರ... ಅವ್ವ ಕರದಿದ್ದನ್ನ ಯಾರೂ ಕರೀಲಿಲ್ಲ ಮತ್ತ." ಕೀಬೋರ್ಡನ್ನು ನೋಡುತ್ತ, "ನೀವು ಒಮ್ಮೆ ಕರೀತೀರೇನ್ರಿ? ನಾ ಓ ಅಂತೀನಿ" ಎಂದಳು.

ಆಗುವುದಿಲ್ಲ ಎನ್ನಬೇಕಿತ್ತೇನೋ. ಅದು ಅವರೊಬ್ಬರದೇ ಹೆಸರು, ನಾನು ಅದನ್ನು ಎಂದೂ ಆಡಿದವಳಲ್ಲ. ಆದರೂ ಕರೆದೆ. ಅವರು ಎಳೆಯುತ್ತಿದ್ದಷ್ಟು ಎಳೆಯಲು ಆಗಲಿಲ್ಲ.

"ಗುಬ್ಬವ್ವಾ."

"ಓ..." ಎಂದಳು, ಉದ್ದಕ್ಕೆ, ಬೀದಿಯ ಆ ತುದಿಯಲ್ಲಿದ್ದವಳ ಹಾಗೆ. ಎಂದು, ಮುಖ ಎತ್ತಿ ನನ್ನನ್ನೇ ನೋಡುತ್ತ ಕುಳಿತಳು.

ಕರೆದವರು ಮುಂದೆ ಏನಾದರೂ ಹೇಳಬೇಕು. ಉಣ್ಣಲು ಬಾ ಎಂದೋ, ಜಡೆ ಹಾಕುತ್ತೇನೆ ಬಾ ಎಂದೋ, ಹೋಗಿ ಬರುತ್ತೇನೆ ಎಂದೋ. ಅವಳು ಕಾಯುತ್ತಿದ್ದಳು.